ಸಿಟಿ ಸ್ಕ್ಯಾನ್‌ನಲ್ಲಿ ಎಲ್ಲಾ ಸೈನಸ್ಸೂ ತುಂಬಿದೆ ಅಂತ ಬಂದಿದೆ, ದುರ್ಮಾಂಸ ಬೇರೆ... ಗೊತ್ತಿರೋರು ಸ್ವಲ್ಪ ಹೇಳಿ

ಗಂಧಗಾಳಿ_ಇಲ್ಲದವ

ಎಲ್ರಿಗೂ ನಮಸ್ಕಾರ. ಹೆಸ್ರು ನೋಡಿ ನಗ್ಬೇಡಿ, ನಿಜವಾಗ್ಲೂ ಎರಡು ವರ್ಷದಿಂದ ನಂಗೆ ವಾಸನೆ ಅನ್ನೋದೇ ಗೊತ್ತಾಗಲ್ಲ. ವಯಸ್ಸು 36, ಪೀಣ್ಯದಲ್ಲಿ ಮಷೀನ್ ಶಾಪಲ್ಲಿ ಕೆಲ್ಸ, ಮೊದ್ಲು ಧೂಳಿಗೆ ಹಿಂಗಾಗಿದೆ ಅಂತ ಸುಮ್ನಿದ್ದೆ. ಎರಡೂ ಕಡೆ ಮೂಗು ಕಟ್ಟಿರತ್ತೆ, ರಾತ್ರಿಯೆಲ್ಲಾ ಬಾಯಲ್ಲೇ ಉಸಿರು, ಬೆಳಿಗ್ಗೆ ಎದ್ರೆ ಗಂಟ್ಲಿಗೆ ಕಫ ಇಳಿದಿರತ್ತೆ. ಹೋದ ತಿಂಗ್ಳು ಹಾಲು ಉಕ್ಕಿ ಸೀದು ಪಾತ್ರೆ ಕರ್ರಗಾಗೋವರ್ಗೂ ಪಕ್ಕದ ರೂಮಲ್ಲೇ ಇದ್ದ ನಂಗೆ ಗೊತ್ತಾಗ್ಲಿಲ್ಲ, ಹೆಂಡ್ತಿ ಮಾರ್ಕೆಟ್ಟಿಂದ ಬಂದು "ಗ್ಯಾಸ್ ಲೀಕಾಗಿದ್ರೆ ಏನ್ ಗತಿ" ಅಂತ ಬೈದು ಇಎನ್‌ಟಿ ಹತ್ರ ಎಳ್ಕೊಂಡು ಹೋದ್ಲು. ಅವ್ರು ಮೂಗೊಳಗೆ ಕ್ಯಾಮೆರಾ ಬಿಟ್ಟು ಎರಡೂ ಕಡೆ ಪಾಲಿಪ್, ಅಂದ್ರೆ ದುರ್ಮಾಂಸ ಇದೆ ಅಂದ್ರು, ಸಿಟಿ ಮಾಡಿಸಿ ಅಂದ್ರು.

ಸೈನಸ್ ಅಂದ್ರೆ ಮೂಗಿನ ಸುತ್ತ ಮೂಳೆಯೊಳಗಿರೋ ಗಾಳಿ ಗೂಡುಗಳಂತೆ. ರಿಪೋರ್ಟಲ್ಲಿ ಇರೋದು ಇಷ್ಟು: ಎಥ್ಮಾಯ್ಡ್ ಮುಂದಿಂದು ಹಿಂದಿಂದು ಎರಡೂ ಕಡೆ ಪೂರ್ತಿ ತುಂಬಿದೆ, ಎಡ ಮ್ಯಾಕ್ಸಿಲರಿ ಪೂರ್ತಿ, ಬಲ ಮ್ಯಾಕ್ಸಿಲರಿ ಅರ್ಧ, ಸ್ಫೀನಾಯ್ಡ್ ಎರಡೂ ಕಡೆ ಸ್ವಲ್ಪ, ಬಲ ಫ್ರಾಂಟಲ್ ಸ್ವಲ್ಪ, ಎಡ ಫ್ರಾಂಟಲ್ "ಏಪ್ಲಾಸ್ಟಿಕ್", ಆಸ್ಟಿಯೋಮೀಟಲ್ ಕಾಂಪ್ಲೆಕ್ಸ್ ಎರಡೂ ಕಡೆ ಬ್ಲಾಕ್, ಲಂಡ್-ಮೆಕೆ ಸ್ಕೋರ್ 18/24. ಕೊನೇಲಿ ಪ್ಯಾನ್‌ಸೈನಸೈಟಿಸ್, ಅಂದ್ರೆ ಎಲ್ಲಾ ಸೈನಸ್ಸಲ್ಲೂ ಉರಿಯೂತ ಅಂತೆ.

ಡಾಕ್ಟ್ರನ್ನ ಮತ್ತೆ ನೋಡೋಕೆ ಇನ್ನೂ ನಾಕು ದಿನ ಇದೆ. 24ಕ್ಕೆ 18 ಅಂದ್ರೆ ಮುಕ್ಕಾಲು ಭಾಗ ಹೋಯ್ತು ಅಂತಾನಾ? ಆ ಎಡ ಫ್ರಾಂಟಲ್ ಇಲ್ವೇ ಇಲ್ಲ ಅಂತಿದೆಯಲ್ಲ, ಈ ಮಾಂಸ ಮೂಳೆನೂ ತಿಂದ್ಹಾಕ್ಬಿಡ್ತಾ? ನಿದ್ದೆ ಬರ್ತಿಲ್ಲ.

ತುಂಗೆತೀರ

ಗಾಬರಿ ಆಗ್ಬೇಡಿ ಮಾರಾಯ್ರೆ. ನಂದು 21 ಇತ್ತು, ನಾನಿನ್ನೂ ಇಲ್ಲೇ ಕೂತು ಟೈಪ್ ಮಾಡ್ತಿದೀನಿ. ಶಿವಮೊಗ್ಗದಲ್ಲಿ ಒಂದ್ಸಲ, ಆರು ವರ್ಷ ಆದ್ಮೇಲೆ ಇನ್ನೊಂದ್ಸಲ ಆಪರೇಷನ್ ಆಗಿದೆ. ವಿವರ ಆಮೇಲೆ ಬರೀತೀನಿ, ಅಡುಗೆ ಒಲೆ ಮೇಲಿದೆ. (ನಂಗೆ ಈಗ ಸೀದಿದ್ದು ಗೊತ್ತಾಗತ್ತೆ, ಆದ್ರೂ)

ಮನೆಮದ್ದು_ಮಾವ

ಆಪರೇಷನ್ ಮಾಡ್ಸಿದ್ರೂ ಮತ್ತೆ ಬೆಳೆಯತ್ತೆ, ಸುಮ್ನೆ ದುಡ್ಡು ದಂಡ. ಆಯುರ್ವೇದದ ಅಣು ತೈಲ ಬೆಳಿಗ್ಗೆ ಮೂಗಿಗೆ ಎರಡೆರಡು ಹನಿ, ಮೊಸರು ಬಾಳೆಹಣ್ಣು ಬಿಡಿ. ನನ್ನ ತಮ್ಮನಿಗೆ ಮೂರು ತಿಂಗ್ಳಲ್ಲಿ ಮಾಂಸ ಕರಗಿ ಹೋಯ್ತು.

ಕಿವಿಮೂಗು_ಪೀಜಿ

ಇಎನ್‌ಟಿ ಓದ್ತಾ ಇದೀನಿ, ಇನ್ನೂ ಪರೀಕ್ಷೆ ಆಗಿಲ್ಲ, ಹಾಗಾಗಿ ನಿಮ್ಮ ಡಾಕ್ಟ್ರು ಹೇಳಿದ್ದೇ ಕೊನೆ ಮಾತು ಅಂದ್ಕೊಳ್ಳಿ. ರಿಪೋರ್ಟ್ ಓದೋದು ಹೇಗೆ ಅಂತ ಮಾತ್ರ ಹೇಳ್ತೀನಿ.

ಮೊದ್ಲು ಆ ಎಡ ಫ್ರಾಂಟಲ್. ಅದನ್ನ ಯಾರೂ ತಿಂದಿಲ್ಲ ಸಾರ್, ಅದು ಬೆಳೆದೇ ಇಲ್ಲ. ಹುಬ್ಬಿನ ಮೇಲಿರೋ ಸೈನಸ್ ಹುಟ್ಟಿದಾಗ ಇರೋದೇ ಇಲ್ಲ, ಆಮೇಲೆ ನಿಧಾನಕ್ಕೆ ಬೆಳೆಯತ್ತೆ, ಕೆಲವರಲ್ಲಿ ಒಂದು ಕಡೆ ಬೆಳೆಯೋದೇ ಇಲ್ಲ, ಅದರಿಂದ ತೊಂದ್ರೆನೂ ಏನಿಲ್ಲ. ಸ್ಕೋರಲ್ಲಿ ಅದಕ್ಕೆ ಸೊನ್ನೆ ಹಾಕ್ತಾರೆ.

ಆ ಸ್ಕೋರು 1993ರಲ್ಲಿ ಲಂಡ್ ಮತ್ತೆ ಮೆಕೆ ಅನ್ನೋರು ಮಾಡಿದ್ದು. ಒಂದೊಂದು ಕಡೆ ಐದು ಜಾಗ: ಮ್ಯಾಕ್ಸಿಲರಿ (ಕೆನ್ನೆದು), ಮುಂದಿನ ಎಥ್ಮಾಯ್ಡ್, ಹಿಂದಿನ ಎಥ್ಮಾಯ್ಡ್ (ಎರಡೂ ಕಣ್ಣುಗಳ ಮಧ್ಯದ್ದು), ಸ್ಫೀನಾಯ್ಡ್ (ಮೂಗಿನ ಹಿಂದೆ ಆಳದ್ದು), ಫ್ರಾಂಟಲ್ (ಹಣೆದು). ಖಾಲಿ ಇದ್ರೆ 0, ಅರ್ಧಂಬರ್ಧ ಇದ್ರೆ 1, ಪೂರ್ತಿ ತುಂಬಿದ್ರೆ 2. ಅರ್ಧಂಬರ್ಧ ಅಂದ್ರೆ ಒಂದು ಮೂಲೇಲಿ ಚೂರು ದಪ್ಪ ಆಗಿದ್ರೂ 1, ಮುಕ್ಕಾಲು ತುಂಬಿದ್ರೂ 1, ಅಷ್ಟು ಒರಟು ಲೆಕ್ಕ. ಆರನೇದು ಆಸ್ಟಿಯೋಮೀಟಲ್, ಅಂದ್ರೆ ಸೈನಸ್ ನೀರು ಹೊರಗೆ ಬರೋ ದಾರಿ, ಅದಕ್ಕೆ ಮಾತ್ರ 0 ಇಲ್ಲಾ 2, ಮಧ್ಯದ್ದಿಲ್ಲ. ನಿಮ್ದು ಬಲಗಡೆ 1+2+2+1+1+2, ಎಡಗಡೆ 2+2+2+1+0+2, ಎರಡೂ ಕಡೆ ಒಂಬತ್ತೊಂಬತ್ತು. ಯಾವ ತೊಂದ್ರೆನೂ ಇಲ್ಲದೆ ಬೇರೆ ಕಾರಣಕ್ಕೆ ತಲೆ ಸಿಟಿ ಮಾಡಿಸ್ದೋರಿಗೂ ಮೂರು ನಾಕು ಬರೋದು ಮಾಮೂಲು. ಸ್ಕೋರ್ ಜಾಸ್ತಿ ಇದ್ದೋರಿಗೇ ಕಷ್ಟ ಜಾಸ್ತಿ ಅಂತಾನೂ ಇಲ್ಲ, 20 ಇದ್ದು ಬರೀ ಮೂಗು ಕಟ್ಟತ್ತೆ ಅನ್ನೋರಿದಾರೆ, 5 ಇದ್ದು ಮುಖ ಸಿಡಿಯತ್ತೆ ಅಂತ ಅಳೋರಿದಾರೆ. ಇದು ಪರೀಕ್ಷೆ ಮಾರ್ಕ್ಸ್ ಅಲ್ಲ.

ಗಂಧಗಾಳಿ_ಇಲ್ಲದವ

ಅಬ್ಬಾ, ಆ ಏಪ್ಲಾಸ್ಟಿಕ್ ವಿಷ್ಯ ಕೇಳಿ ಅರ್ಧ ಜೀವ ಬಂತು. ಇನ್ನೊಂದು ಡೌಟು, ಎಲ್ಲಾ ಸೈನಸ್ಸಲ್ಲೂ ಈ ದುರ್ಮಾಂಸನೇ ತುಂಬಿರೋದಾ? ಹಣೆವರೆಗೂ ಹೋಗಿದೆ ಅಂದ್ರೆ ಮಿದುಳಿಗೂ...

ಕಿವಿಮೂಗು_ಪೀಜಿ

ಇಲ್ಲ, ಇದನ್ನೇ ಎಲ್ರೂ ತಪ್ಪು ತಿಳ್ಕೊಳ್ಳೋದು. ಎರಡೂ ಕಡೆ ಬರೋ ಪಾಲಿಪ್‌ನ ತವರು ಎಥ್ಮಾಯ್ಡ್, ಅಂದ್ರೆ ಎರಡು ಕಣ್ಣಿನ ಮಧ್ಯೆ ಜೇನುಗೂಡಿನ ಥರ ಚಿಕ್ಕ ಚಿಕ್ಕ ಕೋಣೆ ಇರೋ ಜಾಗ. ಅಲ್ಲಿನ ಒಳಪೊರೆ ಊದಿ, ನೀರು ತುಂಬ್ಕೊಂಡು, ಸಿಪ್ಪೆ ಸುಲಿದ ದ್ರಾಕ್ಷಿ ಥರ ಮೂಗಿಗೆ ಜೋತು ಬೀಳತ್ತೆ. ಅದಕ್ಕೇ ನಿಮ್ಮ ರಿಪೋರ್ಟಲ್ಲಿ ಎಥ್ಮಾಯ್ಡ್ ನಾಲ್ಕಕ್ಕೂ ಎರಡೆರಡು. ಕೆನ್ನೆದು, ಹಣೆದು, ಹಿಂದಿಂದು ತುಂಬಿರೋದು ಸುಮಾರು ಸಲ ಬರೀ ಸಿಂಬಳ, ಹೊರಗೆ ಬರೋ ದಾರಿ ಮುಚ್ಚಿರೋದ್ರಿಂದ. ಪೊರೆನೂ ಊದಿರತ್ತೆ, ಆದ್ರೆ ಸಿಟಿಯಲ್ಲಿ ಪಾಲಿಪ್ಪೂ ಬೂದು ಬಣ್ಣ ಸಿಂಬಳನೂ ಬೂದು ಬಣ್ಣ, ಸುಲಭಕ್ಕೆ ಬೇರೆ ಮಾಡೋಕಾಗಲ್ಲ.

ನಾನು ಹಳ್ಳಿಯವ್ನು, ನಮ್ಮೂರ ಕೆರೆ ಲೆಕ್ಕದಲ್ಲಿ ಹೇಳ್ತೀನಿ. ಕೆನ್ನೆ ಒಳಗಿರೋ ಮ್ಯಾಕ್ಸಿಲರಿ ಸೈನಸ್ಸೇ ಕೆರೆ ಅಂದ್ಕೊಳ್ಳಿ. ಅದಕ್ಕೆ ಅಡಿಯಲ್ಲಿ ತೂಬಿಲ್ಲ, ಮೇಲ್ಗಡೆ ಕೋಡಿ ಮಾತ್ರ. ಹಾಗಾದ್ರೆ ತಳದ ನೀರು ಹೆಂಗೆ ಹೊರಗೆ ಬರತ್ತೆ? ಒಳಪೊರೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇದಾವೆ, ಅವು ಒಂದೇ ದಿಕ್ಕಿಗೆ ಬಡಿದು ಬಡಿದು ಸಿಂಬಳನ ಮೇಲಕ್ಕೆ, ಆ ಕೋಡಿ ಕಡೆಗೇ ತಳ್ತಾ ಇರ್ತಾವೆ. ಆಸ್ಟ್ರಿಯಾದ ಮೆಸ್ಸರ್‌ಕ್ಲಿಂಗರ್ ಅನ್ನೋ ಡಾಕ್ಟ್ರು ಇದನ್ನ ವರ್ಷಗಟ್ಲೆ ನೋಡಿ ತೋರಿಸಿದ್ರು, ಕೆಳಗಡೆ ಬೇರೆ ತೂತು ಮಾಡಿಟ್ರೂ ಸಿಂಬಳ ಆ ಹಳೇ ಕೋಡಿ ಹುಡ್ಕೊಂಡೇ ಹೋಗತ್ತೆ. ಕೆನ್ನೆ, ಹಣೆ, ಮುಂದಿನ ಎಥ್ಮಾಯ್ಡ್ ಮೂರರ ನೀರೂ ಬಂದು ಬೀಳೋ ಕಾಲುವೆ ಪ್ರದೇಶಕ್ಕೇ ಆಸ್ಟಿಯೋಮೀಟಲ್ ಅನ್ನೋದು. ನಿಮ್ಗೆ ಪಾಲಿಪ್ ಕೂತಿರೋದು ಕರೆಕ್ಟಾಗಿ ಆ ಕಾಲುವೆ ಬಾಯಲ್ಲಿ. ಹಿಂದಿನ ಎಥ್ಮಾಯ್ಡ್ ಮತ್ತೆ ಸ್ಫೀನಾಯ್ಡ್ ನೀರಿಗೆ ಬೇರೆ ಕಾಲುವೆ.

ಆದ್ರೆ ಕಾಲುವೆ ಕಟ್ಟಿದ್ದೊಂದೇ ಕಾರಣ ಅಂತ ಈಗ ಯಾರೂ ಹೇಳಲ್ಲ. ಪಾಲಿಪ್ ಇರೋರಲ್ಲಿ ಒಳಪೊರೆನೇ ಎಲ್ಲಾ ಕಡೆ ಕೆರಳಿರತ್ತೆ, ಸುಮಾರು ಜನ್ರಿಗೆ ಅಲ್ಲಿ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಗುಂಪು ಕಟ್ಟಿರತ್ತೆ, ಆಸ್ತಮಾ ಜೊತೆಗಿರೋದೂ ಅದಕ್ಕೇ. ಅದ್ರಿಂದ ಕಿತ್ತು ಹಾಕಿದ್ರೆ ಮುಗೀತು ಅಂತ ಆಗಲ್ಲ.

ಮಿದುಳಿನ ಭಯ ಬೇಡ. ಎಥ್ಮಾಯ್ಡ್ ಮೇಲಿನ ಛಾವಣಿ ತೆಳು, ಕಣ್ಣಿನ ಪಕ್ಕದ ಗೋಡೆ ಅಂತೂ ಎಷ್ಟು ತೆಳು ಅಂದ್ರೆ ಅದರ ಲ್ಯಾಟಿನ್ ಹೆಸ್ರಲ್ಲೇ ಕಾಗದ ಅಂತಿದೆ, ಸ್ಫೀನಾಯ್ಡ್ ಪಕ್ಕದಲ್ಲೇ ಕಣ್ಣಿನ ನರ ಹೋಗತ್ತೆ. ಹಾಗಾಗಿ ಸಿಟಿ ಮಾಡ್ಸೋದು ಎಷ್ಟು ತುಂಬಿದೆ ಅಂತ ನೋಡೋಕಿಂತ ಹೆಚ್ಚಾಗಿ ಆಪರೇಷನ್‌ಗೆ ಮ್ಯಾಪ್ ಥರ. ಕಣ್ಣು ಊದ್ಕೊಳ್ಳೋದು, ಒಂದು ಎರಡಾಗಿ ಕಾಣೋದು, ಜ್ವರದ ಜೊತೆ ಜೋರು ತಲೆನೋವು, ಇವು ಬಂದ್ರೆ ಮಾತ್ರ ನಾಕು ದಿನ ಕಾಯ್ಬೇಡಿ, ಅವತ್ತೇ ಹೋಗಿ.

ಗಿರ್ಮಿಟ್_ಪ್ರೇಮಿ

ನಂದೂ ಹಿಂಗ ಎಲ್ಲಾ ಸೈನಸ್ ತುಂಬಿತ್ರೀ, ಆದ್ರ ಕಥಿ ಬ್ಯಾರೆ. ಸಿಟಿ ಒಳಗ ಬೂದು ಬಣ್ಣದ ನಡುವ ಬೆಳ್ಳಗ ಬೆಳ್ಳಗ ಗೆರಿ ಗೆರಿ ಕಂಡ್ವು, ಡಾಕ್ಟರ್ ನೋಡಿ ಇದು ಫಂಗಸ್ ಇರಬೇಕು ಅಂದ್ರು. 2021ರಾಗ ರೀ, ಎಲ್ಲಾ ಕಡೆ ಬ್ಲ್ಯಾಕ್ ಫಂಗಸ್ ಅಂತ ಟಿವಿಯೊಳಗ ಅದ ಸುದ್ದಿ, ನಮ್ಮವ್ವ ಕೇಳಿದಾಕಿನ ಅಳಾಕ ಕುಂತ್ಲು. ಆಮ್ಯಾಲ ಡಾಕ್ಟರ್ ಕುಂದ್ರಿಸಿ ಹೇಳಿದ್ರು, ಅದು ಬ್ಯಾರೆ ಇದು ಬ್ಯಾರೆ, ಅದು ಸಕ್ಕರಿ ಕಾಯ್ಲೆ ಇದ್ದವ್ರಿಗೆ ರಕ್ತನಾಳದೊಳಗ ಹೊಕ್ಕು ಮಾಂಸ ಕೊಳಿಸ್ತದ, ನಿಂದು ಅಲರ್ಜಿದು, ಒಳಗ ಹೊಕ್ಕಂಗಿಲ್ಲ ಅಂತ. ಆಪರೇಷನ್ ಮಾಡಿ ತಗದ್ರಲ್ಲ, ಶೇಂಗಾ ಚಟ್ನಿಗೆ ಎಣ್ಣಿ ಕಲಿಸಿದಂಗ ದಪ್ಪ ಕಂದು ರಾಡಿ ಬಂತಂತ. ವಿಡಿಯೋ ತೋರ್ಸಿದ್ರು, ಅವತ್ತಿಂದ ಹದಿನೈದು ದಿನ ಚಟ್ನಿ ತಿಂದಿಲ್ಲ ನಾ.

ಇನ್ನೊಂದು ವಿಚಿತ್ರ, ಎಂಆರ್‌ಐ ಒಳಗ ಆ ರಾಡಿ ಇದ್ದ ಜಾಗ ಕರ್ರಗ, ಗಾಳಿ ಇದ್ದಂಗ ಕಾಣ್ತದಂತ. ಬರೇ ಎಂಆರ್‌ಐ ನೋಡಿದ್ರ "ಏನೂ ಇಲ್ಲ ಬಿಡು" ಅಂತಿದ್ರೋ ಏನೋ.

ಕಿವಿಮೂಗು_ಪೀಜಿ

ಸರಿಯಾಗಿ ಹೇಳಿದ್ರಿ ಅಣ್ಣಾ. ಆ ರಾಡಿಯಲ್ಲಿ ಕಬ್ಬಿಣ ಮ್ಯಾಂಗನೀಸ್ ಥರದ್ದು ಸೇರಿ ನೀರಿನಂಶ ಕಡಿಮೆ ಇರತ್ತೆ, ಅದಕ್ಕೇ ಸಿಟಿಯಲ್ಲಿ ಬಿಳಿ, ಎಂಆರ್‌ಐನಲ್ಲಿ ಕಪ್ಪು. ಅಲರ್ಜಿ ಫಂಗಸ್‌ಗೆ ಮೂಲ ಚಿಕಿತ್ಸೆ ಆ ರಾಡಿ ಪೂರ್ತಿ ತೆಗೆಯೋದು ಮತ್ತೆ ಸ್ಟಿರಾಯ್ಡ್, ಬ್ಲ್ಯಾಕ್ ಫಂಗಸ್‌ಗೆ ಕೊಡೋ ಆ ಭಾರೀ ಇಂಜೆಕ್ಷನ್ ಅಲ್ಲ.

ಎರಡ್ಮಕ್ಕಳ_ತಾಯಿ

ನನ್ನ ಮಗನಿಗೆ 15, ಒಂದೇ ಕಡೆ ಮೂಗು ಕಟ್ಟತ್ತೆ. ಟಾರ್ಚ್ ಹಾಕಿ ನೋಡಿದ್ರೆ ಒಳಗೆ ಗುಲಾಬಿ ಬಣ್ಣದ ಉಂಡೆ ಕಾಣತ್ತೆ, ಇದೂ ಪಾಲಿಪ್ ಇರ್ಬಹುದಾ?

ಕಿವಿಮೂಗು_ಪೀಜಿ

ಅಕ್ಕಾ, ಟಾರ್ಚಲ್ಲಿ ಕಾಣೋ ಗುಲಾಬಿ ಉಂಡೆ ನೂರಕ್ಕೆ ತೊಂಬತ್ತು ಸಲ ಎಲ್ರ ಮೂಗಲ್ಲೂ ಹುಟ್ಟಿನಿಂದ್ಲೇ ಇರೋ ದಿಂಡು, ಅದಕ್ಕೆ ಟರ್ಬಿನೇಟ್ ಅಂತಾರೆ. ಅದನ್ನ ಮುಟ್ಟಿದ್ರೆ ನೋವಾಗತ್ತೆ. ಪಾಲಿಪ್ ಬಿಳಿಚ್ಕೊಂಡಿರತ್ತೆ, ಮುಟ್ಟಿದ್ರೂ ಗೊತ್ತಾಗಲ್ಲ. (ಮನೇಲಿ ಮುಟ್ಟಿ ನೋಡ್ಬೇಡಿ!) ಆದ್ರೆ ಒಂದೇ ಕಡೆ ಅನ್ನೋದನ್ನ ಹಗುರ ಮಾಡ್ಬೇಡಿ. ಈ ವಯಸ್ಸಲ್ಲಿ ಕೆನ್ನೆ ಸೈನಸ್‌ನಿಂದ ಒಂದೇ ಪಾಲಿಪ್ ಹೊರಟು ಮೂಗಿನ ಹಿಂಭಾಗಕ್ಕೆ ಜೋತು ಬೀಳೋದುಂಟು, ಅದಕ್ಕೆ ಆಂಟ್ರೋಕೋನಲ್ ಅಂತಾರೆ, ಬುಡ ಸಮೇತ ತೆಗೆದ್ರೆ ಸಾಮಾನ್ಯವಾಗಿ ಮತ್ತೆ ಬರಲ್ಲ. ದೊಡ್ಡವರಲ್ಲಿ ಒಂದೇ ಕಡೆ ಇದ್ರೆ ಗೆಡ್ಡೆ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಚೂರು ತೆಗೆದು ಟೆಸ್ಟ್‌ಗೆ ಕಳಿಸ್ತಾರೆ. ಈ ವಾರನೇ ತೋರ್ಸಿ.

ರಾಗಿಮುದ್ದೆ_ಬಸ್ಸಾರು

ಮೇಲೆ ಒಂದು ಮುಖ್ಯ ವಿಷ್ಯ ಯಾರೂ ಕೇಳಿಲ್ಲ. ಸಾರ್, ನಿಮ್ಗೆ ಮೈಕೈ ನೋವಿನ ಮಾತ್ರೆ ತಗೊಂಡ್ರೆ ಉಬ್ಬಸ ಬರತ್ತಾ? ನಂಗೆ ಪಾಲಿಪ್ ಇದೆ, ಆಸ್ತಮಾ ಇದೆ, ಒಂದ್ಸಲ ಹಲ್ಲುನೋವಿಗೆ ಮೆಡಿಕಲ್ ಶಾಪಲ್ಲಿ ಕೇಳಿ ಐಬುಪ್ರೊಫೆನ್ ಇರೋ ಮಾತ್ರೆ ನುಂಗ್ದೆ, ಒಂದು ಗಂಟೇಲಿ ಮೂಗು ಸುರಿಯೋಕೆ ಶುರು, ಎದೆ ಹಿಡ್ಕೊಂಡು ರಾತ್ರಿ ಆಸ್ಪತ್ರೆ ಸೇರ್ಬೇಕಾಯ್ತು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್ ಎಲ್ಲಾ ಒಂದೇ ಜಾತಿ, ನಮ್ಮಂಥೋರಿಗೆ ಆಗಲ್ಲ. ಪಾಲಿಪ್, ಆಸ್ತಮಾ, ಆಸ್ಪಿರಿನ್ ಮೂರೂ ಸೇರಿದ್ರೆ ಸ್ಯಾಮ್ಟರ್ ಟ್ರಯಾಡ್ ಅಂತಾರೆ. ಬಿಯರ್ ಕುಡಿದ್ರೂ ಮೂಗು ಕಟ್ತಿತ್ತು, ಅದೂ ಇದಕ್ಕೇ ಸಂಬಂಧ ಅಂತ ಆಮೇಲೆ ಗೊತ್ತಾಯ್ತು (ಮನೇಲಿ ಹೇಳಿಲ್ಲ). ಇಂಥೋರಿಗೆ ಪಾಲಿಪ್ ಬೇಗ ಬೇಗ ವಾಪಸ್ ಬರತ್ತೆ. ಆಪರೇಷನ್ ಮುಂಚೆ ಅರಿವಳಿಕೆ ಡಾಕ್ಟ್ರಿಗೆ ತಪ್ಪದೆ ಹೇಳ್ಬೇಕು, ಆಮೇಲೆ ನೋವಿಗೆ ಏನ್ ಕೊಡ್ತಾರೆ ಅನ್ನೋದು ಅದ್ರ ಮೇಲೆ.

ಗಂಧಗಾಳಿ_ಇಲ್ಲದವ

ನಂಗೆ ಹಂಗೇನೂ ಆಗಿಲ್ಲ, ಆಸ್ತಮಾನೂ ಇಲ್ಲ.

ಇವತ್ತು ಡಾಕ್ಟ್ರನ್ನ ನೋಡ್ದೆ. ತಕ್ಷಣ ಆಪರೇಷನ್ ಬೇಡ ಅಂದ್ರು. ಹತ್ತು ದಿನ ಸ್ಟಿರಾಯ್ಡ್ ಮಾತ್ರೆ, ಜೊತೆಗೆ ಮೂಗಿನ ಸ್ಪ್ರೇ, ದಿನಾ ಉಪ್ಪುನೀರಲ್ಲಿ ಮೂಗು ತೊಳೀಬೇಕು. ಸ್ಟಿರಾಯ್ಡ್ ಅಂದ್ರೆ ಕಿಡ್ನಿ ಹೋಗತ್ತೆ ಅಂತ ನಮ್ಮ ಶಾಪಲ್ಲಿ ಎಲ್ಲಾ ಹೆದರಿಸ್ತಿದಾರೆ. ತಗೊಳ್ಲಾ?

ತುಂಗೆತೀರ

ಒಲೆ ಆರಿಸಿ ಬಂದೆ, ನಾಕು ದಿನ ತಡ ಆಯ್ತು ಅಷ್ಟೆ :) ಮಾತ್ರೆ ಬೇರೆ ಸ್ಪ್ರೇ ಬೇರೆ, ಎರಡನ್ನೂ ಒಂದೇ ತಕ್ಕಡೀಲಿ ಇಡ್ಬೇಡಿ. ಮಾತ್ರೆ ಕೆಲವೇ ದಿನಕ್ಕೆ, ಮತ್ತೆ ಮತ್ತೆ ತಗೊಂಡ್ರೆ ಶುಗರ್, ಮೂಳೆ, ಕಣ್ಣಿನ ಪೊರೆ ಎಲ್ಲಾ ತೊಂದ್ರೆ ನಿಜ. ಸ್ಪ್ರೇ ಮೂಗಲ್ಲೇ ಕೆಲ್ಸ ಮಾಡತ್ತೆ, ರಕ್ತಕ್ಕೆ ಸೇರೋದು ತೀರಾ ಕಡಿಮೆ, ವರ್ಷಗಟ್ಲೆ ಹಾಕೋದು ಅದನ್ನೇ. ನಾನು ಮೊದಲ ಆಪರೇಷನ್ ಆದ್ಮೇಲೆ ಮಾಡಿದ ತಪ್ಪೇ ಅದು, ಉಸಿರು ಸಲೀಸಾಯ್ತು ಅಂತ ಒಂದೇ ವರ್ಷಕ್ಕೆ ಸ್ಪ್ರೇ ಬಿಟ್ಟೆ. ಆರು ವರ್ಷಕ್ಕೆ ಮತ್ತೆ ಅದೇ ಟೇಬಲ್ ಮೇಲೆ.

ಹಾಕೋ ರೀತಿನೂ ಇದೆ, ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ, ತುದಿ ಕಿವಿ ಕಡೆ ತಿರುಗಿರ್ಬೇಕು. ಮಧ್ಯದ ಗೋಡೆಗೆ ಹೊಡೆದ್ರೆ ರಕ್ತ ಬರತ್ತೆ. ಜೋರಾಗಿ ಎಳ್ಕೊಂಡ್ರೆ ಔಷಧಿ ಗಂಟ್ಲಿಗೆ ಹೋಗತ್ತೆ, ಸುಮ್ನೆ ಮೆತ್ತಗೆ ಉಸಿರಾಡಿ.

ಮೂಗು ಬಿಚ್ಚೋ ಆ ಡ್ರಾಪ್ಸ್ ಇರ್ತಾವಲ್ಲ, ಹಾಕಿದ ತಕ್ಷಣ ಸ್ವರ್ಗ ಅನ್ಸೋದು, ಅದರ ಸಹವಾಸ ಮೂರ್ನಾಕು ದಿನಕ್ಕಿಂತ ಬೇಡ. ಆಮೇಲೆ ಅದಿಲ್ದೆ ಮೂಗೇ ಬಿಡಲ್ಲ.

ಕುಡ್ಲದ_ಬಂಗುಡೆ

ಮೂಗು ತೊಳೀಲಿಕ್ಕೆ ನೀರು ಯಾವುದು ಅಂತ ಕೇಳಿ ಮಾರಾಯ್ರೆ, ಅದು ಮುಖ್ಯ. ನಮ್ಮಲ್ಲಿ ಬಾವಿ ನೀರು ಉಂಟು, ಒಳ್ಳೇ ತಣ್ಣಗೆ, ನಾನು ಅದರಲ್ಲೇ ಜಲನೇತಿ ಮಾಡ್ತಿದ್ದೆ. 2024ರಲ್ಲಿ, 25ರಲ್ಲಿ ಪಕ್ಕದ ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದ ಕೇಸು ಆಯ್ತಲ್ಲ, ಅದು ಮೂಗಿನ ಮೂಲಕವೇ ಹೋಗುವುದಂತೆ, ಕುಡಿದರೆ ಎಂತದೂ ಆಗುವುದಿಲ್ಲವಂತೆ. ಅವತ್ತಿಂದ ಕುದಿಸಿ ಆರಿಸಿದ ನೀರು ಮಾತ್ರ. ಒಂದು ಲೋಟಕ್ಕೆ, ಅಂದರೆ 240 ಎಂಎಲ್‌ಗೆ, ಕಾಲು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಹಾಕದಿದ್ದರೆ ಉರಿಯುತ್ತದೆ, ನಾನು ಒಮ್ಮೆ ಮರೆತು ಕೆರೆಯಲ್ಲಿ ಮುಳುಗಿದ ಹಾಗೆ ಆಗಿತ್ತು.

ಮನೆಮದ್ದು_ಮಾವ

ನೋಡಿ, ಜಲನೇತಿ ನಮ್ಮದೇ. ಈಗ ಇಂಗ್ಲಿಷ್ ಡಾಕ್ಟ್ರೂ ಅದೇ ಹೇಳ್ತಾರೆ. ಅಣು ತೈಲನೂ ಒಂದಿನ ಹೇಳ್ತಾರೆ.

ಕಿವಿಮೂಗು_ಪೀಜಿ

ಮಾವಾ, ಜಲನೇತಿಗೆ ನನ್ನದು ಪೂರ್ತಿ ಓಟು. ಎಣ್ಣೆ ಬಿಟ್ಟು ಎಥ್ಮಾಯ್ಡ್ ಪಾಲಿಪ್ ಕರಗಿದ್ದನ್ನ ನಾನಂತೂ ನೋಡಿಲ್ಲ. ನಿಮ್ಮ ತಮ್ಮನ ಹಳೇ ಎಂಡೋಸ್ಕೋಪಿ ಫೋಟೋ ಇದ್ರೆ ಹಾಕಿ, ಅದು ಟರ್ಬಿನೇಟ್ ಊತ ಇದ್ದಿರ್ಬಹುದು, ಅದು ತಾನಾಗೇ ಇಳಿಯತ್ತೆ.

ಗಂಧಗಾಳಿ_ಇಲ್ಲದವ

ದೊಡ್ಡ ಸುದ್ದಿ! ಮಾತ್ರೆ ಶುರು ಮಾಡಿ ನಾಕನೇ ದಿನ, ಬೆಳಿಗ್ಗೆ ಒಗ್ಗರಣೆ ಇಂಗಿನ ವಾಸನೆ ಬಂತು! ಹೆಂಡ್ತಿನ ಕರೆದು ಡಬ್ಬ ಡಬ್ಬ ತೆಗೆಸಿ ಮೂಸಿದೀನಿ, ಏಲಕ್ಕಿ, ಕಾಫಿಪುಡಿ, ಮಗಳ ತಲೆ, ಎಲ್ಲಾ.

ಗಂಧಗಾಳಿ_ಇಲ್ಲದವ

ಮಾತ್ರೆ ಮುಗಿದು ಮೂರು ವಾರ. ಮತ್ತೆ ಹೋಯ್ತು. ಮೊದ್ಲಿಗಿಂತ ಈಗ್ಲೇ ಬೇಜಾರು ಜಾಸ್ತಿ.

ಕಿವಿಮೂಗು_ಪೀಜಿ

ಬೇಜಾರು ಸಹಜ ಸಾರ್. ಆದ್ರೆ ಅದ್ರಲ್ಲೊಂದು ಒಳ್ಳೇ ವಿಷ್ಯ ಇದೆ. ವಾಸನೆ ನರ ಇರೋದು ಮೂಗಿನ ಮಾಡಿನಲ್ಲಿ, ಅಲ್ಲಿಗೆ ಗಾಳಿ ಹೋಗೋ ಸೀಳು ಕಿರಿದು, ಎಥ್ಮಾಯ್ಡ್ ಪಕ್ಕದಲ್ಲೇ. ಊತ ಇಳಿದ ತಕ್ಷಣ ವಾಸನೆ ಬಂತು ಅಂದ್ರೆ ನರ ಸತ್ತಿಲ್ಲ ಅಂತ ಅರ್ಥ. ಈಗ ಆಪರೇಷನ್ ಬಗ್ಗೆ ಮಾತಾಡೋ ಸಮಯ. ಅದು ಮಾಡೋದು ಮುಖ್ಯವಾಗಿ ದಾರಿ ಬಿಡಿಸೋ ಕೆಲ್ಸ, ಕಟ್ಟಿದ ಮೂಗಲ್ಲಿ ಸ್ಪ್ರೇ ಬಾಗಿಲಲ್ಲೇ ನಿಂತ್ಬಿಡತ್ತೆ, ಕೋಣೆಗಳನ್ನ ತೆರೆದಿಟ್ರೆ ಉಪ್ಪುನೀರೂ ಔಷಧಿನೂ ಒಳಗೋಗತ್ತೆ.

ಮತ್ತೆ ಬರಲ್ವಾ ಅಂದ್ರೆ, ಸುಳ್ಳು ಹೇಳಲ್ಲ. ಬೆಲ್ಜಿಯಂನಲ್ಲಿ ಆಪರೇಷನ್ ಆದ 38 ಜನ್ರನ್ನ 12 ವರ್ಷ ಆದ್ಮೇಲೆ ನೋಡಿದಾಗ 30 ಜನ್ರಲ್ಲಿ ಪಾಲಿಪ್ ಮತ್ತೆ ಇತ್ತು. ಆದ್ರೆ ಅಷ್ಟೂ ವರ್ಷದಲ್ಲಿ ಮತ್ತೆ ಆಪರೇಷನ್ ಬೇಕಾಗಿದ್ದು 14 ಜನ್ರಿಗೆ ಮಾತ್ರ, ಮೊದಲಿನಷ್ಟು ಕಷ್ಟನೂ ಅವರಿಗಿರ್ಲಿಲ್ಲ.

ಜೆರ್ಸಿ_ಅಕ್ಕ

ನಾನಿರೋದು ನ್ಯೂಜೆರ್ಸಿ. ಎರಡು ಆಪರೇಷನ್ ಆದ್ಮೇಲೂ ಬಂತು, ಆಸ್ತಮಾನೂ ಇದೆ, ಈಗ ಡ್ಯುಪಿಲುಮ್ಯಾಬ್ ಇಂಜೆಕ್ಷನ್, ಎರಡು ವಾರಕ್ಕೊಮ್ಮೆ ನಾನೇ ಚುಚ್ಕೊಳ್ತೀನಿ. ಪಾಲಿಪ್‌ಗೆ ಇಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದು. ವಾಸನೆ ಚೆನ್ನಾಗಿ ಬಂದಿದೆ, ಆದ್ರೆ ನಿಲ್ಲಿಸಿದ್ರೆ ಮತ್ತೆ ಶುರು ಅಂತಾರೆ. ಇನ್ಶೂರೆನ್ಸ್ ಇಲ್ದಿದ್ರೆ ನನ್ನ ಕೈಲೂ ಆಗ್ತಿರ್ಲಿಲ್ಲ. ನೀವು ಮೊದಲ್ನೇ ಸಲ, ಆಸ್ತಮಾ ಇಲ್ಲ, ನಿಮ್ಗೆ ಸದ್ಯಕ್ಕೆ ಇದರ ಅಗತ್ಯ ಬರಲ್ಲ ಅನ್ಸತ್ತೆ.

ತುಂಗೆತೀರ

ಆಪರೇಷನ್ ಬಗ್ಗೆ ಎರಡೇ ಮಾತು. ಪೂರ್ತಿ ಅರಿವಳಿಕೆ ಕೊಡ್ತಾರೆ, ಮುಖದ ಮೇಲೆ ಗಾಯ ಇರಲ್ಲ, ನೋವಿಗಿಂತ ಮೂಗಿಗೆ ತುರುಕಿದ ಪ್ಯಾಕ್ ಹಿಂಸೆ. ಡಾಕ್ಟ್ರು ಹೇಳೋವರ್ಗೂ ಮೂಗು ಊದಬೇಡಿ, ಸೀನು ಬಂದ್ರೆ ಬಾಯಿ ತೆಗೆದು ಸೀನಿ. ಆಮೇಲೆ ಹಕ್ಕಳೆ ತೆಗೆಸೋಕೆ ಮೂರ್ನಾಕು ಸಲ ಹೋಗ್ಬೇಕು, ಅದನ್ನ ತಪ್ಪಿಸ್ಬೇಡಿ, ಆಪರೇಷನ್‌ನ ಅರ್ಧ ಅದೇ.

ಗಂಧಗಾಳಿ_ಇಲ್ಲದವ

ಇವತ್ತಿಗೆ ಆಪರೇಷನ್ ಆಗಿ ಏಳು ವಾರ. ಬಯಾಪ್ಸಿಯಲ್ಲಿ ಬರೀ ಪಾಲಿಪ್, ಇಯೋಸಿನೋಫಿಲ್ ಜಾಸ್ತಿ ಅಂತ ಬಂತು, ಫಂಗಸ್ ಇಲ್ಲ. ಪೀಜಿಯವರು ಹೇಳಿದ ಹಾಗೇ ಆಯ್ತು, ಕೆನ್ನೆ ಸೈನಸ್ಸಲ್ಲಿ ಇದ್ದದ್ದು ಬಹುಪಾಲು ಗಟ್ಟಿ ಸಿಂಬಳ, ಪಾಲಿಪ್ ಎಲ್ಲಾ ಎಥ್ಮಾಯ್ಡಲ್ಲೇ. ಹಣೆ ಸೈನಸ್ ಬಾಯಿ ಮಾತ್ರ ಬಿಡಿಸಿದಾರೆ, ಜಾಸ್ತಿ ಕೈ ಹಾಕಿಲ್ಲ ಅಂದ್ರು.

ಐದನೇ ವಾರ ಕೆಲ್ಸಕ್ಕೆ ಹೋದೆ, ಮಾಸ್ಕ್ ಹಾಕ್ಕೊಂಡು. ಮಷೀನ್ ಹತ್ರ ನಿಂತ್ಕೊಂಡು ಮಾಸ್ಕ್ ಸ್ವಲ್ಪ ಇಳಿಸ್ದೆ ನೋಡಿ, ಕೂಲೆಂಟ್ ಟ್ಯಾಂಕ್ ಕೊಳೆತು ನಾರ್ತಿದೆ! ಕೊಳೆತ ಮೊಟ್ಟೆ ಥರ. ಯಾವಾಗಿಂದ ಹಿಂಗಿದೆ ಅಂತ ಪಕ್ಕದ ಹುಡುಗನ್ನ ಕೇಳಿದ್ರೆ "ಅಣ್ಣಾ ಒಂದು ವರ್ಷ ಆಯ್ತು, ನಿಂಗೆ ಅಭ್ಯಾಸ ಆಗಿದೆ ಅಂದ್ಕೊಂಡಿದ್ವಿ" ಅಂದ. ಸೂಪರ್‌ವೈಸರ್‌ಗೆ ಹೇಳಿ ಅವತ್ತೇ ಟ್ಯಾಂಕ್ ಖಾಲಿ ಮಾಡಿಸ್ದೆ.

ಒಂದು ಡೌಟು ಉಳಿದಿದೆ, ಮೂಗು ತೊಳೆದ ತಕ್ಷಣ ಸ್ಪ್ರೇ ಹಾಕಿದ್ರೆ ನೀರಿನ ಜೊತೆ ಹೊರಗೆ ಬಂದ್ಬಿಡತ್ತೆ ಅನ್ಸತ್ತೆ. ಮೊದ್ಲು ಯಾವ್ದು?

ಕುಡ್ಲದ_ಬಂಗುಡೆ

ಮೊದಲು ತೊಳೆಯುವುದು. ಮತ್ತೆ ಬಗ್ಗಿ ತಲೆ ಆಚೆ ಈಚೆ ಮಾಡಿ ನೀರು ಇಳಿಸಿ, ಒಂದು ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ. ನಾನು ಆ ಹೊತ್ತಿಗೆ ಚಾ ಕುಡಿಯುತ್ತೇನೆ.